ಅವನು ಮುಟ್ಟಿರಲಿಲ್ಲ

ಯಾರಾದರೂ ಮಣಿಕಟ್ಟು ಹಿಡಿದರೆ ಕೈಯನ್ನು ನಮ್ಮ ಕಡೆಗೆ ಜಗ್ಗಬಾರದು. ಹಿಡಿದವನ ಹೆಬ್ಬೆರಳು ಎಲ್ಲಿದೆ ನೋಡಿ, ಆ ಕಡೆಗೆ ತಿರುಗಿಸಿ ಎಳೆಯಬೇಕು. ನಾಲ್ಕು ಬೆರಳಿಗಿರುವ ಬಲ ಆ ಒಂದು ಬೆರಳಿಗಿರುವುದಿಲ್ಲ. ಪಾಲಿಬೆಟ್ಟದ ಕಡೆಯ ಒಂದು ಪ್ರೌಢಶಾಲೆಯಲ್ಲಿ, ಕಾಫಿ ಕೊಯ್ಲಿನ ದಿನಗಳಲ್ಲಿ, ಮೂವತ್ತೊಂದು ಹುಡುಗಿಯರಿಗೆ ನಾನು ಮೊದಲು ಕಲಿಸಿದ್ದು ಇದನ್ನು. ನಾನು ಅಲ್ಲಿಯ ದೈಹಿಕ ಶಿಕ್ಷಕಿ. ಹೆಣ್ಣುಮಕ್ಕಳಿಗೆ ಮೂರು ತಿಂಗಳು ಆತ್ಮರಕ್ಷಣೆಯ ತರಬೇತಿ ಕೊಡಬೇಕೆಂದು ಇಲಾಖೆಯಿಂದ ಆದೇಶ ಬಂದಿತ್ತು. ಕಾಲೇಜಿನಲ್ಲಿ ಕರಾಟೆ ಕಲಿತಿದ್ದೆನೆಂದು ಕೆಲಸ ನನಗೇ ಬಿತ್ತು.

ಮ್ಯಾಟ್ ಇರಲಿಲ್ಲ. ಪಕ್ಕದ ಎಸ್ಟೇಟಿನವರು ಕಾಫಿ ಒಣಗಿಸುವ ಎರಡು ಹಳೆಯ ಟಾರ್ಪಾಲು ಕೊಟ್ಟರು. ಅದನ್ನು ನಾಲ್ಕು ಮಡಿಕೆ ಮಾಡಿ ಮೈದಾನದ ಮೂಲೆಯಲ್ಲಿ ಹಾಸಿದೆವು. ವಾರಕ್ಕೆ ಎರಡು ದಿನ, ಕೊನೆಯ ಪೀರಿಯಡ್. ಮೊದಲ ವಾರ ಹಿಡಿತ ಬಿಡಿಸಿಕೊಳ್ಳುವುದು. ಎರಡನೆಯ ವಾರ ಮೊಣಕೈ, ಅಂಗೈಯ ಬುಡದಿಂದ ಗದ್ದಕ್ಕೆ ಏಟು. ಮೂರನೆಯ ವಾರ ಕಣ್ಣು. ಬೆರಳುಗಳನ್ನು ಸ್ವಲ್ಪ ಬಗ್ಗಿಸಿ, ಮಣಿಕಟ್ಟು ಬಿಗಿ ಹಿಡಿದು, ಮುಖದತ್ತ ಚಿಮ್ಮಿಸಿ ತಕ್ಷಣ ಹಿಂದಕ್ಕೆ ಎಳೆದುಕೊಳ್ಳಬೇಕು. "ಬೇರೆ ದಾರಿಯೇ ಇಲ್ಲದಾಗ ಮಾತ್ರ" ಎಂದು ಹೇಳಿದೆ. ಏಟನ್ನು ಹುಡುಗಿಯರು ನಲವತ್ತು ಸಲ ಅಭ್ಯಾಸ ಮಾಡಿದರು. ಆ ಮಾತನ್ನು ಕೇಳಿದ್ದು ಒಂದೇ ಸಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಅದೇ ಮೂರನೆಯ ವಾರ, ಬಿಸಿಯೂಟದ ಅಡುಗೆಯವರು ಒಲೆಯ ಸೆಕೆಯಲ್ಲೂ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಊಟದ ಹೊತ್ತಿಗೆ ಟವೆಲ್ ಸರಿದಾಗ ಕೆಂಪು ಗೆರೆ ಕಂಡಿತು.

"ಏನಕ್ಕ ಅದು?"

"ಏನಿಲ್ಲ ಮಿಸ್" ಎಂದವರು ಪಾತ್ರೆ ತೊಳೆಯುವ ಕಡೆ ಕರೆದುಕೊಂಡು ಹೋಗಿ ಹೇಳಿದರು. "ಎಸ್ಟೇಟಿನ ಒಳದಾರೀಲಿ ಬಸ್ಸಿಗೆ ಹೋಗ್ತಾ ಇದ್ದೆ. ಹಿಂದಿಂದ ಒಬ್ಬ ಬಂದ. 'ಅಕ್ಕಾ, ಸಂಜೆ ಬಸ್ಸು ಹೋಯ್ತಾ' ಅಂತ ಕೇಳ್ದ. ನಾನು ತಿರುಗಿದ್ದೇ, ಸರಕ್ಕೆ ಕೈ ಹಾಕ್ದ. ಎಳ್ದು ಕಿತ್ಕೊಂಡೇ ಹೋದ."

"ಯಾರು ಅಂತ ಗೊತ್ತಾಯ್ತಾ?"

"ಮುಖಕ್ಕೆ ಮಾಸ್ಕ್ ಇತ್ತು. ಆದರೆ ಮಾತು ಇಲ್ಲೀದೇ ಮಿಸ್. ಹೊರಗಿಂದ ಬಂದವರ ಕನ್ನಡ ನಮ್ಗೆ ಗೊತ್ತಾಗೋದಿಲ್ವಾ? ಇವ ಇಲ್ಲೇ ಹುಟ್ಟಿ ಬೆಳ್ದವ. ಮೋರಿ ಹತ್ರ ಬೈಕ್ ನಿಲ್ಸಿದ್ದ."

ಪೊಲೀಸರಿಗೆ ಹೇಳಿದ್ದರು. ಅವರು ಬರೆದುಕೊಂಡಿದ್ದರು. ಅಕ್ಕನಿಗಿಂತ ಮೊದಲು ಇನ್ನಿಬ್ಬರು ಹೆಂಗಸರಿಗೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಹೀಗೇ ಆಗಿತ್ತಂತೆ. ಊರಲ್ಲಿ ಸುದ್ದಿಯಾದರೆ ಕಳ್ಳ ಜಾಗ ಬದಲಾಯಿಸುತ್ತಾನೆ, ಯಾರಿಗೂ ಹೇಳಬೇಡಿ ಎಂದು ಸ್ಟೇಷನ್ನಿನಲ್ಲಿ ಹೇಳಿ ಕಳಿಸಿದ್ದರು.

ನಮ್ಮ ಶಾಲೆಯ ಅರ್ಧಕ್ಕರ್ಧ ಹುಡುಗಿಯರು ಬಸ್ಸಿಗೆ ಹೋಗುವುದು ಆ ಒಳದಾರಿಯಲ್ಲೇ. ನಾನು ನೇರ ಹೆಡ್‌ಮಾಸ್ಟರ ಬಳಿ ಹೋದೆ. ಅವರು ಕುಶಾಲನಗರದ ಕಡೆಯವರು, ನಾನು ಶಿರಂಗಾಲದವಳು. ನಮ್ಮಿಬ್ಬರ ನಡುವೆ ಊರ ಕಡೆಯ ಸಲಿಗೆ ಇತ್ತು.

"ನೋಡಮ್ಮ, ಇವತ್ತು ನೀನು ಅಸೆಂಬ್ಲೀಲಿ ಹೇಳ್ತೀಯ, ನಾಳೆ ಅರ್ಧ ಹೆಣ್ಮಕ್ಕಳು ಸ್ಕೂಲಿಗೆ ಬರಲ್ಲ" ಎಂದರು. "ಟೆಂತ್‌ನೋರಿಗೆ ಪರೀಕ್ಷೆ ಹತ್ರ ಬಂತು. ಒಂದ್ಸಲ ಮನೇಲಿ ಕೂರಿಸಿದ್ರೆ ಕೆಲವರನ್ನ ವಾಪಸ್ ಕಳ್ಸೋದೇ ಇಲ್ಲ. ನಿಂಗೂ ಗೊತ್ತು. ಎಸ್ಟೇಟ್ ರೈಟ್ರೂ ಫೋನ್ ಮಾಡಿದ್ರು, ಕಾಫಿ ಪಿಕಿಂಗ್‌ಗೆ ಹೆಂಗಸರು ಹೆದರ್ಕೊಂಡ್ರೆ ಕಷ್ಟ ಅಂತ. ಪೊಲೀಸ್ನೋರು ನೋಡ್ಕೊಳ್ತಾರೆ. ನೀನು ನಿನ್ನ ತರಬೇತಿ ಚೆನ್ನಾಗಿ ಮಾಡು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗೆ ಮನೆಯಲ್ಲಿ ಕೂತ ಹುಡುಗಿಯರನ್ನು ನಾನೂ ಕಂಡಿದ್ದೆ. ಒಪ್ಪಿಕೊಂಡು ಬಂದೆ. ಒಪ್ಪಿಕೊಳ್ಳುವುದು ಸುಲಭವಾಗಿಯೂ ಇತ್ತು.

ನಾವು ಹೇಳದೆ ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ವಾರದೊಳಗೆ ಮಕ್ಕಳ ತಾಯಂದಿರ ಫೋನುಗಳಲ್ಲಿ ಒಂದು ಧ್ವನಿ ಸಂದೇಶ ಓಡಾಡತೊಡಗಿತು. ಅಸ್ಸಾಮಿನಿಂದ ಒಂದು ಗುಂಪು ಬಂದಿದೆ, ಕೂಲಿಯವರ ಹಾಗೆ ಲೈನ್‌ಮನೆಗಳಲ್ಲಿ ಸೇರಿಕೊಂಡಿದೆ, ಒಂಟಿ ಹುಡುಗಿಯರನ್ನು ಹಿಂಬಾಲಿಸುತ್ತದೆ ಎಂದು ಯಾರೋ ಗಂಡಸು ಗಂಭೀರವಾಗಿ ಹೇಳುತ್ತಿದ್ದ. ಆ ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಗಳಲ್ಲಿ ಅಸ್ಸಾಮಿನವರು ಇದ್ದದ್ದು ನಿಜ. ಮೂರು ವರ್ಷದಿಂದ ಇದ್ದರು. ತರಬೇತಿಯ ನಡುವೆ ಒಬ್ಬಳು, "ಹೌದಾ ಮಿಸ್, ಅಸ್ಸಾಮಿನವರು ಹಿಡೀತಾರಂತೆ?" ಎಂದು ಕೇಳಿದಳು.

"ಗಾಳಿಮಾತು ನಂಬಬೇಡಿ" ಎಂದೆ. ಅದರ ಬದಲು ಏನನ್ನು ನಂಬಬೇಕೆಂದು ಹೇಳಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಸಂಜೆ ನಾನು ಬಸ್‌ಸ್ಟಾಪಿನಲ್ಲಿದ್ದಾಗ ಎಸ್ಟೇಟಿನ ಲೆಕ್ಕ ನೋಡುವ ರೈಟರ ಫೋನ್ ಬಂತು. "ಮಿಸ್, ಮೋರಿ ಹತ್ರ ಬನ್ನಿ. ಕಳ್ಳ ಸಿಕ್ಕಿದ್ದಾನೆ. ನಿಮ್ಮ ಸ್ಕೂಲಿನ ಹುಡುಗಿಯೇ ಹೊಡೆದು ಬೀಳಿಸಿದ್ದು."

ಓಡಿದೆ. ಮೋರಿಯ ಬಳಿ ಪಿಕಿಂಗ್ ಮುಗಿಸಿದ ಮೂವತ್ತು ನಲವತ್ತು ಮಂದಿ ಸೇರಿದ್ದರು. ನಡುವೆ ಇಪ್ಪತ್ತು ಇಪ್ಪತ್ತೆರಡು ವರ್ಷದ ಯುವಕನೊಬ್ಬ ನೆಲದಲ್ಲಿ ಕುಳಿತಿದ್ದ. ಕೈಗಳನ್ನು ಮುಂದಕ್ಕೆ ತಂದು ಗೋಣಿದಾರದಲ್ಲಿ ಕಟ್ಟಿದ್ದರು. ಕಟ್ಟಿದ ಕೈಗಳಿಂದಲೇ ಎಡಗಣ್ಣನ್ನು ಒತ್ತಿ ಹಿಡಿದಿದ್ದ. ತುಟಿ ಒಡೆದಿತ್ತು. ಅದು ಹುಡುಗಿಯ ಏಟಲ್ಲ, ಆಮೇಲೆ ಓಡಿ ಬಂದವರದು.

ಹುಡುಗಿ ಅತ್ತ ನಿಂತಿದ್ದಳು. ಒಂಬತ್ತನೆಯ ತರಗತಿ, ವಾಲಿಬಾಲ್ ತಂಡದವಳು, ನನ್ನ ತರಬೇತಿಯಲ್ಲಿ ಎಲ್ಲರಿಗಿಂತ ಚುರುಕು. ಹೆಂಗಸರು ಅವಳ ಬೆನ್ನು ತಟ್ಟುತ್ತಿದ್ದರು. ಒಬ್ಬರು ನನ್ನ ಕಡೆ ತಿರುಗಿ, "ನಿಮ್ಮ ಟ್ರೈನಿಂಗ್ ಮಿಸ್, ಇವತ್ತು ಉಪಯೋಗಕ್ಕೆ ಬಂತು" ಎಂದರು. ಒಂದು ಗಳಿಗೆ ನನ್ನ ಎದೆಯೂ ಉಬ್ಬಿತು. ಅದನ್ನು ಮುಚ್ಚಿಡುವುದಿಲ್ಲ.

ಆಗ ಆ ಯುವಕ ಮಾತಾಡಿದ. "ಬಸ್... ಬಸ್ ಹೋಗ್ತಾ. ನಾನು ದೌಡು. ಬಸ್" ಎಂದು ಮತ್ತೆ ಮತ್ತೆ ಹೇಳಿದ. ಹಿಂದಿ ಸೇರಿದ ತುಂಡು ತುಂಡು ಕನ್ನಡ. ಲೈನ್‌ಮನೆಗೆ ಹೊಸದಾಗಿ ಬಂದ ಅಸ್ಸಾಮಿನವನು. ಅದನ್ನು ಕೇಳಿದ ಕೂಡಲೇ ನನಗೆ ಅಕ್ಕ ಹೇಳಿದ್ದು ನೆನಪಾಯಿತು. ಅಕ್ಕನ ಹಿಂದೆ ಬಂದು 'ಸಂಜೆ ಬಸ್ಸು ಹೋಯ್ತಾ' ಎಂದು ಕೇಳಿದವನು ಇವನಲ್ಲ. ಇವನಿಗೆ ಆ ವಾಕ್ಯ ಹೇಳುವುದಕ್ಕೇ ಬಾರದು. ಅಲ್ಲಿ ನಿಂತಿದ್ದ ನಲವತ್ತು ಜನರಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ.

"ಕೈ ಬಿಚ್ಚಿ" ಎಂದೆ. ಯಾರೂ ಅಲುಗಲಿಲ್ಲ. ನಾನೇ ಕುಳಿತು ದಾರ ಬಿಡಿಸತೊಡಗಿದೆ. ಗಂಟು ಬಿಗಿದಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ರೈಟರು ಮೊದಲು ಗೊಣಗಿದರೂ ಕೊನೆಗೆ ಎಸ್ಟೇಟಿನ ಜೀಪು ತರಿಸಿದರು. ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರು ಹಳದಿ ಬಣ್ಣದ ಹನಿ ಹಾಕಿ ನೀಲಿ ದೀಪ ಹಿಡಿದು ನೋಡಿ, ಕಪ್ಪುಗುಡ್ಡೆಯ ಮೇಲ್ಪದರ ಉದ್ದಕ್ಕೆ ಗೀರಿದೆ ಎಂದರು. ಇನ್ನೂ ಸ್ವಲ್ಪ ಆಳವಾಗಿದ್ದರೆ ಕಷ್ಟವಿತ್ತು, ಗೀರು ಮಾಯಬಹುದು, ಹತ್ತು ದಿನ ಪಟ್ಟಿ ಕಟ್ಟಿ ಬಿಸಿಲು ಧೂಳು ತಾಗಿಸದೆ ಇರಬೇಕು ಎಂದರು. ಅವನು ಪಟ್ಟಿ ಕಟ್ಟಿಸಿಕೊಳ್ಳುವಾಗ ನನ್ನನ್ನೇ ನೋಡುತ್ತಿದ್ದ. ಆ ಹೊಡೆತ ಕಲಿಸಿದವಳು ನಾನೆಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರು ಒಬ್ಬ ಮಹಿಳಾ ಪೇದೆಯನ್ನು ಕರೆದುಕೊಂಡು ಶಾಲೆಗೇ ಬಂದರು. ಯೂನಿಫಾರ್ಮ್ ಹಾಕಿರಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಹುಡುಗಿ, ಅವಳ ಅಪ್ಪ, ನಾನು. ಅಪ್ಪ ಪಿಕಪ್ ಓಡಿಸುವವರು. ಅವರೇ ಮೊದಲು ಮಾತು ತೆಗೆದರು.

"ಸರ್, ಅವ ಕೈ ಹಿಡಿದ. ಅದಕ್ಕೇ ನನ್ನ ಮಗಳು ಹೊಡೆದದ್ದು. ಬರ್ಕೊಳ್ಳಿ."

ಹುಡುಗಿ ತಲೆ ತಗ್ಗಿಸಿಕೊಂಡೇ ಇದ್ದಳು. ಎಸ್.ಐ. ನನ್ನ ಕಡೆ ನೋಡಿದರು. "ಹಿಡಿದರೆ ಮಾತ್ರ ಹೊಡೀಬೇಕು ಅಂತ ಕಲಿಸಿದ್ದೀರಲ್ಲ ಮೇಡಂ? ಅದನ್ನ ಒಂದು ಹೇಳಿಕೆ ಬರ್ಕೊಡಿ."

ಬರೆಯಬಹುದಿತ್ತು. ಹಾಗೆ ಕಲಿಸಿದ್ದು ನಿಜ. ಆದರೆ ಆ ನಿಜವನ್ನು ಅಪ್ಪನ ಮಾತಿನ ಪಕ್ಕದಲ್ಲಿಟ್ಟರೆ ಅದು ಸುಳ್ಳಿಗೆ ಆಸರೆಯಾಗುತ್ತಿತ್ತು. ಹದಿನಾಲ್ಕರ ಹುಡುಗಿಯ ಮೈ ಮುಟ್ಟಿದ ಎಂದು ದಾಖಲಾದರೆ ಆ ಯುವಕನಿಗೆ ಜಾಮೀನು ಸಿಗುವುದೂ ಸುಲಭವಲ್ಲ. ಐದು ನಿಮಿಷ ಕೊಡಿ ಎಂದು ಕೇಳಿ ಹುಡುಗಿಯನ್ನೂ ಅಪ್ಪನನ್ನೂ ಹೊರಗೆ ಜಗಲಿಗೆ ಕರೆತಂದೆ.

ನಾನು ಏನೂ ಕೇಳುವ ಮೊದಲೇ ಅವಳು ಹೇಳಿದಳು. "ಮಿಸ್, ಅವನು ಮುಟ್ಟಿರಲಿಲ್ಲ."

"ಸುಮ್ನಿರು" ಎಂದರು ಅಪ್ಪ.

"ಹಿಂದೆ ಜೋರಾಗಿ ಹೆಜ್ಜೆ ಕೇಳಿಸ್ತು. ಪಕ್ಕಕ್ಕೆ ಬಂದ. ಕೈ ಎತ್ತಿದ. ನಾನು ತಿರುಗಿ ಹೊಡೆದೇಬಿಟ್ಟೆ. ಬಸ್ಸಿಗೆ ಕೈ ತೋರಿಸಿದ್ದೇನೋ ಮಿಸ್. ಆಮೇಲೆ ಬಸ್ಸು ಹೋದದ್ದು ನಂಗೂ ಕಾಣಿಸ್ತು."

ಅಪ್ಪನ ಮುಖದಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. "ನನ್ನ ಮಗಳ ಮೇಲೆ ಕೇಸ್ ಆದ್ರೆ ಯಾರು ನೋಡ್ಕೊಳ್ತಾರೆ ಮಿಸ್? ನೀವಾ? ಅವನಿಗೇನು, ಇವತ್ತು ಇಲ್ಲಿ, ನಾಳೆ ಇನ್ನೊಂದು ಎಸ್ಟೇಟ್. ನಾವು ಇಲ್ಲೇ ಬದುಕ್ಬೇಕು."

ಆಗ ಹೇಳಿದೆ. ಅಕ್ಕನ ಹೆಸರು ಹೇಳದೆ, ಉಳಿದದ್ದನ್ನೆಲ್ಲ ಹೇಳಿದೆ. ಮೂರು ಸಲ ಸರಗಳ್ಳತನ ಆದದ್ದು, ಹೊತ್ತು, ಜಾಗ, ಬೈಕು, ಇಲ್ಲಿಯ ಮಾತು. "ನನಗೆ ಮೂರು ವಾರದಿಂದ ಗೊತ್ತಿತ್ತು. ಕಳ್ಳ ಅಸ್ಸಾಮಿನವನಲ್ಲ ಅಂತಲೂ ಗೊತ್ತಿತ್ತು. ನಿಮ್ಮ ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಆ ದಾರೀಲಿ ಒಬ್ಬಳೇ ಹೋಗ್ತಿರಲಿಲ್ಲ. ಹೋದರೂ ಅವನನ್ನ ನೋಡಿ ಹೊಡೀತಿರಲಿಲ್ಲ."

"ಗೊತ್ತಿತ್ತಾ?" ಎಂದು ಅಪ್ಪ ಮೆಲ್ಲಗೆ ಕೇಳಿದರು. "ದಿನಾ ಅದೇ ದಾರೀಲಿ ಬರ್ತಾಳೆ ಇವಳು. ಗೊತ್ತಿದ್ದೂ ಸುಮ್ನಿದ್ರಾ? ಮಿಸ್ ಅಂತ ನಂಬಿ ಕಳ್ಸೋದು ನಾವು."

ಅವರು ಬೇಲಿಯ ತನಕ ನಡೆದು ಹೋದರು, ಅಲ್ಲೇ ನಿಂತರು, ವಾಪಸ್ ಬಂದರು. ಮಗಳ ತಲೆಯ ಮೇಲೆ ಕೈಯಿಟ್ಟು, "ಹೋಗು, ಇದ್ದದ್ದು ಇದ್ದ ಹಾಗೆ ಹೇಳು" ಎಂದರು. ನನ್ನ ಕಡೆ ನೋಡಲಿಲ್ಲ.

ಹುಡುಗಿ ಹೇಳಿದ್ದನ್ನು ಎಸ್.ಐ. ನಿಧಾನವಾಗಿ ಬರೆದುಕೊಂಡರು. ಪೆನ್ನು ಮುಚ್ಚಿ, "ಹೆದರಿಕೆ ನಿಜವಾಗಿದ್ದರೆ ಕಾನೂನು ಅದನ್ನೂ ಲೆಕ್ಕಕ್ಕೆ ತಗೊಳ್ತದೆ" ಎಂದು ಅಪ್ಪನಿಗೆ ಹೇಳಿದರು. "ಆ ಹುಡುಗನ ಹೇಳಿಕೆಯೂ ಬೇಕು. ಅವ ದೂರು ಕೊಟ್ಟರೆ ನಾನು ತಗೊಳ್ಳಲೇಬೇಕು. ಅವನನ್ನ ಹೊಡೆದವರ ಮೇಲೂ." ಆ ಯುವಕ ಕೊನೆಗೂ ದೂರು ಕೊಡಲಿಲ್ಲ. ಅದು ಕ್ಷಮೆಯೋ, ಸ್ಟೇಷನ್ನಿನ ಭಯವೋ, ನಾನು ಕೇಳಿಲ್ಲ.

ಕಳ್ಳತನದ ವಿಷಯ ಊರಿಗೆ ತಿಳಿಸಬೇಕೆಂದು ಅಲ್ಲೇ ಎಸ್.ಐ.ಗೆ ಹೇಳಿದೆ. ಅವರು ಒರಟಾಗಿ ತಳ್ಳಿಹಾಕಲಿಲ್ಲ. "ಇವತ್ತಿಂದ ಮಫ್ತಿಯಲ್ಲಿ ಇಬ್ಬರನ್ನ ಅಲ್ಲೇ ಹಾಕಿದ್ದೇನೆ ಮೇಡಂ. ಇವತ್ತು ಬೋರ್ಡ್ ಹಾಕಿದರೆ ಅವ ನಾಳೆ ಬೇರೆ ದಾರಿ ಹಿಡೀತಾನೆ. ಅಲ್ಲಿಯ ಹೆಂಗಸರಿಗೆ ಯಾರು ಹೇಳ್ತಾರೆ? ನೀವು ಬರೆದು ಕೊಡಿ, ಮೇಲಿನವರನ್ನ ಕೇಳ್ತೇನೆ." ಅಂದೇ ಬರೆದು ಕೊಟ್ಟೆ. ಶನಿವಾರ, ಭಾನುವಾರ ಕಳೆಯಿತು. ಉತ್ತರ ಬರಲಿಲ್ಲ. ಧ್ವನಿ ಸಂದೇಶ ಮಾತ್ರ ಈಗ ಹೊಸದಾಗಿ ಓಡುತ್ತಿತ್ತು: ಅಸ್ಸಾಮಿನ ಒಬ್ಬ ಸಿಕ್ಕಿದ್ದಾನೆ, ಇನ್ನೂ ನಾಲ್ವರು ಇದ್ದಾರೆ. ಲೈನ್‌ಮನೆಯ ಅಸ್ಸಾಮಿನ ಹೆಂಗಸರು ಅಂಗಡಿಗೆ ಬರುವುದನ್ನೇ ನಿಲ್ಲಿಸಿದ್ದರು.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. "ನನ್ನ ಹೆಸರು ಬೇಡ ಮಿಸ್. ನಾನು ಹೇಳಿದ್ದನ್ನ ಹಾಕಿ" ಎಂದರು. ಹುಡುಗಿಯ ಮನೆಗೂ ಹೋದೆ. ಅವಳ ಹೆಸರು ಬರೆಯುವುದಿಲ್ಲ, ಆದರೆ ಆದದ್ದನ್ನು ಬರೆಯಲೇ ಎಂದು ಕೇಳಿದೆ. ಅಪ್ಪ ಮಗಳ ಕಡೆ ನೋಡಿದರು. ಅವಳು, "ಬರೀರಿ ಮಿಸ್. ನಾನು ಹೊಡೆದದ್ದು ಕಳ್ಳನಿಗಲ್ಲ ಅಂತ ಎಲ್ರಿಗೂ ಗೊತ್ತಾಗ್ಲಿ" ಎಂದಳು.

ಸೋಮವಾರ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ, ಹೆಡ್‌ಮಾಸ್ಟರ ಅನುಮತಿ ಕೇಳದೆ ಮುಂದೆ ಹೋಗಿ ಓದಿದೆ. ಒಂದೇ ಹಾಳೆ. ಎಲ್ಲಿ, ಯಾವ ಹೊತ್ತಿಗೆ, ಹೇಗೆ ಎಂಬುದು ಮೇಲಿತ್ತು. ಕಳ್ಳ ಈ ಕಡೆಯವರ ಹಾಗೆಯೇ ಕನ್ನಡ ಮಾತಾಡುತ್ತಾನೆ ಎಂದಿತ್ತು. ಅದರ ಕೆಳಗೆ ಗೊತ್ತಿಲ್ಲದ್ದನ್ನೂ ಬರೆದಿದ್ದೆ: ಮುಖ ಯಾರೂ ನೋಡಿಲ್ಲ, ಊರು ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ. ಕೊನೆಯ ಸಾಲು ಹೀಗಿತ್ತು: ಗುರುವಾರ ಏಟು ತಿಂದ ಕಾರ್ಮಿಕ ಯಾರನ್ನೂ ಮುಟ್ಟಿರಲಿಲ್ಲ. ಕೆಳಗೆ ನನ್ನ ಸಹಿ. ಸಂಜೆ ಅದರ ಪ್ರತಿಗಳನ್ನು ಬಸ್‌ಸ್ಟಾಪಿನಲ್ಲೂ ಲೈನ್‌ಮನೆಗಳ ನೀರಿನ ಟ್ಯಾಂಕಿನ ಬಳಿಯೂ ಅಂಟಿಸಿದೆ.

ಹೆಡ್‌ಮಾಸ್ಟರು ಅಂದು ನನ್ನ ಜೊತೆ ಮಾತಾಡಲಿಲ್ಲ. ಮಾರನೆಯ ದಿನ, "ಸಹಿ ಹಾಕುವಾಗ ಸ್ಕೂಲಿನ ಹೆಸರು ಬರೀದೆ ಹೋದದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿದರು. ಬುಧವಾರ ಪೊಲೀಸರೇ ಮುದ್ರೆ ಹಾಕಿದ ಸೂಚನೆ ಅಂಟಿಸಿದರು. ನನ್ನ ಹಾಳೆಯಲ್ಲಿದ್ದುದೇ, ಕೊನೆಯ ಸಾಲು ಬಿಟ್ಟು. ತಿಂಗಳಾದ ಮೇಲೆ ಇಲಾಖೆಯಿಂದ ನನಗೆ ಕಾರಣ ಕೇಳಿ ನೋಟಿಸ್ ಬಂತು. ಉತ್ತರ ಬರೆದೆ. ಒಂದು ಲಿಖಿತ ಎಚ್ಚರಿಕೆ ನನ್ನ ಸೇವಾ ಪುಸ್ತಕದಲ್ಲಿ ಈಗಲೂ ಇದೆ.

ಹೆಡ್‌ಮಾಸ್ಟರು ಹೆದರಿದಂತೆ ಐದಾರು ಹುಡುಗಿಯರು ಒಂದು ವಾರ ಶಾಲೆಗೆ ಬರಲಿಲ್ಲ. ಅವರಲ್ಲಿ ಒಬ್ಬಳನ್ನು ವಾಪಸ್ ಕರೆತರಲು ನಾನು ಮೂರು ಸಲ ಮನೆಗೆ ಹೋಗಬೇಕಾಯಿತು. ಉಳಿದವರು ಗುಂಪು ಕಟ್ಟಿಕೊಂಡು ದೊಡ್ಡ ರಸ್ತೆಯಲ್ಲಿ ಬಂದರು. ಎಸ್.ಐ. ಹೇಳಿದ್ದೂ ಸುಳ್ಳಾಗಲಿಲ್ಲ. ಹದಿನೈದು ದಿನದಲ್ಲಿ ಇನ್ನೊಂದು ಊರಿನ ದಾರಿಯಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಸರ ಹೋಯಿತು. ಎಳೆದಾಟದಲ್ಲಿ ಬಿದ್ದು ಅವರ ಕೈ ಮುರಿಯಿತು. ಎಸ್.ಐ. ಫೋನ್ ಮಾಡಿ ಅದನ್ನು ತಿಳಿಸಿದರು. "ನೋಡಿದ್ರಾ" ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆ ಊರಿನಲ್ಲೂ ಹಾಳೆ ಅಂಟಿಸಬೇಕಿತ್ತು ಎಂದು ಒಮ್ಮೆ ಅನಿಸುತ್ತದೆ, ಇಲ್ಲೂ ಅಂಟಿಸಬಾರದಿತ್ತೇ ಎಂದು ಇನ್ನೊಮ್ಮೆ. ಆ ಯುವಕನ ಪಟ್ಟಿ ಕಟ್ಟಿದ ಕಣ್ಣು ನೆನಪಾದರೆ ಎರಡನೆಯದು ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಕಳ್ಳ ಸಿಕ್ಕಿದ, ಸರ ಮಾರಲು ಹೋದಾಗ. ಹತ್ತಿರದ ಊರಿನವನೇ. ಹಲವರಿಗೆ ಪರಿಚಯದವನು.

ತರಬೇತಿ ಮುಂದುವರಿಯಿತು, ಆದರೆ ಮೊದಲಿನ ಹಾಗಲ್ಲ. ಈಗ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಹೆಜ್ಜೆ ಕೇಳಿದರೆ ದಾರಿಯ ಅಂಚಿಗೆ ಸರಿದು ಪೂರ್ತಿ ತಿರುಗಿ ನಿಲ್ಲಬೇಕು. ಎರಡು ತೋಳಿನ ದೂರ ಇಟ್ಟುಕೊಳ್ಳಬೇಕು. ಹೊಟ್ಟೆಯಿಂದ ಧ್ವನಿ ತೆಗೆದು "ಏನು ಬೇಕು?" ಎಂದು ಕೇಳಬೇಕು. ಹೋಗುವವರಿಗೆ ದಾರಿ ಬಿಡಬೇಕು. ಅಷ್ಟಾದರೂ ಮೇಲೆ ಬಿದ್ದರೆ ಬಿಡಿಸಿಕೊಂಡು ಓಡಬೇಕು. ಹಿಡಿತ ತಪ್ಪಿದ ಮೇಲೆ ನಿಂತು ಇನ್ನೊಂದು ಏಟು ಕೊಡಬಾರದು.

"ಇದೇನು ಮಿಸ್, ನಡೆಯೋದೇ ಆಯ್ತು" ಎಂದು ಒಬ್ಬಳು ಬೇಸರಪಟ್ಟಳು. ಕಣ್ಣಿನ ಏಟನ್ನು ನಾನು ಕೈಬಿಡಲಿಲ್ಲ. ನಿಜಕ್ಕೂ ಯಾರದೋ ಬಿಗಿಮುಷ್ಟಿಯಲ್ಲಿ ಸಿಕ್ಕಿಬಿದ್ದವಳಿಗೆ ಅದು ಬೇಕು. ಕೊನೆಯ ವಾರಕ್ಕೆ ಇಟ್ಟೆ. ಒಬ್ಬೊಬ್ಬಳೂ ಪ್ರತಿ ಸಲ ಕೈ ಚಿಮ್ಮಿಸುವ ಮೊದಲು "ಬೇರೆ ದಾರಿ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕೆಂದು ನಿಯಮ ಮಾಡಿದೆ. ಮೋರಿಯ ಬಳಿ ಹೊಡೆದಿದ್ದ ಹುಡುಗಿ ಆ ಏಟನ್ನು ಮಾತ್ರ ಅಭ್ಯಾಸ ಮಾಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅವಳು ಅಮ್ಮನ ಜೊತೆ ಒಂದು ಭಾನುವಾರ ಲೈನ್‌ಮನೆಗೆ ಹೋಗಿ ಬಂದಳಂತೆ. ಅಲ್ಲಿ ಏನು ಮಾತಾಡಿದಳೆಂದು ನನಗೆ ಹೇಳಲಿಲ್ಲ.

ಜೂನ್‌ನಲ್ಲಿ ಶಾಲೆ ಮತ್ತೆ ಶುರುವಾದ ಮೇಲೆ ಒಂದು ಸಂಜೆ ನಾನು ಆ ಒಳದಾರಿಯಲ್ಲಿ ಒಬ್ಬಳೇ ಬಸ್ಸಿಗೆ ನಡೆಯುತ್ತಿದ್ದೆ. ಹಿಂದಿನಿಂದ ಹಾಡು ಕೇಳಿಸಿತು. ಗಂಡಸಿನ ಧ್ವನಿ, ನನಗೆ ತಿಳಿಯದ ಭಾಷೆ, ಅಷ್ಟೇನೂ ಚೆನ್ನಾಗಿಲ್ಲದ ರಾಗ. ಅಂಚಿಗೆ ಸರಿದು ತಿರುಗಿ ನಿಂತೆ. ಅವನೇ. ನನ್ನನ್ನು ಗುರುತಿಸಿ ದೂರದಲ್ಲೇ ನಿಂತ.

"ಕಣ್ಣು ಹೇಗಿದೆ?" ಎಂದೆ.

"ಚೆನ್ನಾಗಿದೆ ಮೇಡಂ. ಬಿಸಿಲು ಇದ್ದರೆ ನೀರು ಬರ್ತದೆ." ಕನ್ನಡ ಮೊದಲಿಗಿಂತ ಸುಧಾರಿಸಿತ್ತು.

ಆ ಏಟು ಕಲಿಸಿದವಳು ನಾನು ಎಂದು ಹೇಳಿದೆ. ಅವನು ತಲೆಯಾಡಿಸಿದ. "ಗೊತ್ತು. ಆ ಹುಡುಗಿ ಹೇಳಿದಳು."

"ಯಾವ ಹಾಡು ಅದು?" ಎಂದು ಕೇಳಿದೆ.

ಅವನಿಗೆ ನಾಚಿಕೆಯಾಯಿತು. "ಹಾಡು ಬರೋದಿಲ್ಲ ಮೇಡಂ ನನಗೆ. ಮುಂದೆ ಲೇಡೀಸ್ ಹೋಗ್ತಾ ಇದ್ದರೆ ಹಾಡ್ತೇನೆ. ಹಿಂದೆ ಯಾರೋ ಬರ್ತಾ ಇದ್ದಾರೆ ಅಂತ ಅವರಿಗೆ ಗೊತ್ತಾಗ್ಲಿ."

ಹಾಗೆಲ್ಲ ಮಾಡಬೇಕಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳುವ ಹಕ್ಕು ನನಗಿಲ್ಲ ಅನಿಸಿತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವನು ಓಡಲಿಲ್ಲ. ನಾನು ಮುಂದೆ ನಡೆದೆ. ಎರಡು ತೋಳಿಗಿಂತ ಎಷ್ಟೋ ಹೆಚ್ಚು ದೂರದಲ್ಲಿ ಅವನು ಹಿಂದೆ ಬಂದ. ನಾನು ಮುಂದಿನ ಬಾಗಿಲಿನಿಂದ ಹತ್ತಿ ಕುಳಿತ ಮೇಲೆಯೇ ಅವನು ಹಿಂದಿನ ಬಾಗಿಲಿಗೆ ಕಾಲಿಟ್ಟ.